815 ಫ್ರೇಮ್‌ನಿಂದ 284ಕ್ಕೆ: ನನ್ನ ಟಿಟಿ-02 ಆರ್‌ಸಿ ಕಾರಿನ ವೇಗದ ಡೈರಿ

ಮೊದಲೇ ಹೇಳಿಬಿಡುತ್ತೇನೆ, ಇದು ರೇಸ್ ಗೆಲ್ಲುವ ಸೆಟಪ್ ಅಲ್ಲ. ತಿರುವು ಇಲ್ಲ, ಲ್ಯಾಪ್ ಇಲ್ಲ. ಆರ್‌ಸಿ ಅಂದರೆ ರಿಮೋಟಿನಿಂದ ಓಡಿಸುವ ಚಿಕ್ಕ ಕಾರು. ನೇರ ರಸ್ತೆಯಲ್ಲಿ ರಿಮೋಟಿನ ಟ್ರಿಗರ್ ಪೂರ್ತಿ ಒತ್ತಿದರೆ ಕಾರು ಎಷ್ಟು ಜೋರಾಗಿ ಹೋಗುತ್ತದೆ, ಅಷ್ಟೇ. ಗಂಟೆಗೆ 60 ಕಿಮೀ ಮುಟ್ಟಿಸಲೇಬೇಕು ಅಂತ ಹಠ ಹಿಡಿದಿದ್ದೆ. ಯಾಕೆ 60 ಅಂತ ಕೇಳಬೇಡಿ. ಸುಮ್ನೆ. ನನ್ನ ಹಳೇ ಸ್ಕೂಟರ್ ಅದಕ್ಕಿಂತ ಜಾಸ್ತಿ ಹೋಗುವುದಿಲ್ಲ, ಅದೂ ಒಂದು ಕಾರಣ ಇರಬಹುದು.

ಕಾರು ಜಪಾನಿನ ತಮಿಯಾ ಕಂಪನಿಯ ಟಿಟಿ-02. 2013ರಲ್ಲಿ ಬಂದ ಚಾಸಿ. ನಿಜವಾದ ಕಾರಿನ ಹತ್ತನೇ ಒಂದು ಅಳತೆ, ನಡುವೆ ಉದ್ದದ ಶಾಫ್ಟ್, ನಾಲ್ಕೂ ಚಕ್ರಕ್ಕೆ ಎಳೆತ. ಬಿಡಿಭಾಗಗಳ ಡಬ್ಬಿಯಾಗಿ ಬರುತ್ತದೆ, ನಾವೇ ಕೂತು ಜೋಡಿಸಬೇಕು. ಹೊಸಬರು ಕಲಿಯಲಿ ಅಂತ ಮಾಡಿದ ಕಾರು ಇದು, ನಾನು ಮಾಡಿದ ಕೆಲಸಕ್ಕೆ ಮಾಡಿದ್ದಲ್ಲ. ಹಾಗಾಗಿ ಮುಂದೆ ಏನೇನು ಮುರಿಯಿತೋ, ಕರಗಿತೋ, ಹಾರಿಹೋಯಿತೋ, ಅದೆಲ್ಲ ನನ್ನ ಖಾತೆಗೆ.

ಜಾಗ: ಮೈಸೂರಿನ ರಿಂಗ್ ರೋಡ್ ಆಚೆ ಒಂದು ಹೊಸ ಬಡಾವಣೆ. ಡಾಂಬರು ಹಾಕಿದ್ದಾರೆ, ಮನೆಗಳು ಬಂದಿಲ್ಲ. "ಸೈಟು ಮಾರಾಟಕ್ಕಿದೆ" ಬೋರ್ಡುಗಳು, ಪಾರ್ಥೇನಿಯಂ ಗಿಡಗಳು, ಎರಡು ನಾಯಿ. ಸುಮಾರು 150 ಮೀಟರ್ ನೇರ ರಸ್ತೆ, ನಡುವೆ ಹಂಪ್ ಇಲ್ಲ. ನಮ್ಮ ಊರಲ್ಲಿ ಹಂಪ್ ಇಲ್ಲದ 150 ಮೀಟರ್ ಸಿಗುವುದು ಪುಣ್ಯ.

ವೇಗ ಅಳೆಯುವುದು ಹೇಗೆ ಅನ್ನುವುದೇ ಮೊದಲ ತಲೆನೋವು. ಜಿಪಿಎಸ್ ಮೀಟರ್ ಇರಲಿಲ್ಲ. ಫೋನನ್ನೇ ಕಾರಿನೊಳಗೆ ಕಟ್ಟಿ ಕಳಿಸುವಷ್ಟು ಧೈರ್ಯವೂ ಇರಲಿಲ್ಲ. ಫೋನಿನ ಸ್ಲೋ ಮೋಷನ್ ವಿಡಿಯೋ ಸೆಕೆಂಡಿಗೆ 240 ಫ್ರೇಮ್ ತೆಗೆಯುತ್ತದೆ. ರಸ್ತೆ ಮೇಲೆ 20 ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆದು, ಪಕ್ಕದ ಖಾಲಿ ಸೈಟಿನಲ್ಲಿ ಫೋನ್ ನಿಲ್ಲಿಸಿ, ಮುಂದಿನ ಚಕ್ರ ಮೊದಲ ಗೆರೆ ಮುಟ್ಟಿದ ಫ್ರೇಮಿನಿಂದ ಎರಡನೇ ಗೆರೆ ಮುಟ್ಟಿದ ಫ್ರೇಮ್‌ವರೆಗೆ ಎಣಿಸಿದರೆ ಆಯಿತು. 17,280ನ್ನು ಫ್ರೇಮ್ ಸಂಖ್ಯೆಯಿಂದ ಭಾಗಿಸಿದರೆ ನೇರವಾಗಿ ಗಂಟೆಗೆ ಎಷ್ಟು ಕಿಮೀ ಅಂತ ಬರುತ್ತದೆ. ಎಣಿಸುವ ಕೆಲಸ ತಂಗಿ ಮಗನದ್ದು. ಹನ್ನೊಂದು ವರ್ಷ, ನನಗಿಂತ ತಾಳ್ಮೆ ಜಾಸ್ತಿ.

ಇಲ್ಲಿ ಒಂದು ಎಡವಟ್ಟು ಮಾಡಿದ್ದೆ. ಮೊದಲ ದಿನ ಗೆರೆ ಎಳೆಯದೆ ರಸ್ತೆಯ ಅಂಚಿಗೆ ಎರಡು ಕೋಲು ನೆಟ್ಟಿದ್ದೆ. ಕಾರು ಆಚೆ ಅಂಚಿನಲ್ಲಿ ಹೋದರೆ ಒಂದು ಲೆಕ್ಕ, ಈಚೆ ಅಂಚಿನಲ್ಲಿ ಹೋದರೆ ಇನ್ನೊಂದು. ಕ್ಯಾಮೆರಾ ಓರೆಯಾಗಿ ನೋಡುತ್ತದಲ್ಲ, ಅದಕ್ಕೆ. ಒಂದೇ ಕಾರು, ಒಂದೇ ಬ್ಯಾಟರಿ, ಎರಡು ಓಟಕ್ಕೆ ಮೂರು ಕಿಮೀ ವ್ಯತ್ಯಾಸ. ಆಮೇಲೆ ಸೀಮೆಸುಣ್ಣದಲ್ಲಿ ರಸ್ತೆಯ ಅಡ್ಡಕ್ಕೂ ಗೆರೆ ಎಳೆದೆವು. ಸರಿಹೋಯಿತು.

ಕಿಟ್‌ನಲ್ಲಿ ಬಂದಂತೆ, ಏನೂ ಬದಲಾಯಿಸದೆ: 815 ಫ್ರೇಮ್. ಅಂದರೆ 21.2 ಕಿಮೀ. ನಾಯಿಗಳು ಆರಾಮಾಗಿ ಪಕ್ಕದಲ್ಲೇ ಓಡಿದವು.

ಈ 21 ಎಲ್ಲಿಂದ ಬಂತು ಅಂತ ಕಾಗದದ ಮೇಲೆ ಲೆಕ್ಕ ಹಾಕಿದೆ. ಇದನ್ನು ಮೊದಲೇ ಮಾಡಿದ್ದರೆ ಎರಡು ಸಾವಿರ ರೂಪಾಯಿ ಉಳಿಯುತ್ತಿತ್ತು. ಕಿಟ್‌ನ 540 ಬ್ರಷ್ ಮೋಟರ್ 7.2 ವೋಲ್ಟಿಗೆ ನಿಮಿಷಕ್ಕೆ ಹೆಚ್ಚುಕಮ್ಮಿ 15 ಸಾವಿರ ಸುತ್ತು ಸುತ್ತುತ್ತದೆ. ಮೋಟರ್ ಶಾಫ್ಟಿನ ಚಿಕ್ಕ ಗೇರ್, ಅಂದರೆ ಪಿನಿಯನ್, 22 ಹಲ್ಲು. ಅದು ತಿರುಗಿಸುವ ದೊಡ್ಡದು, ಸ್ಪರ್, 70 ಹಲ್ಲು. ಒಳಗಿನ ಡಿಫರೆನ್ಷಿಯಲ್, ಅಂದರೆ ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳದ್ದು, ಇನ್ನೊಂದು 2.6 ಪಟ್ಟು. 70ನ್ನು 22ರಿಂದ ಭಾಗಿಸಿ 2.6ರಿಂದ ಗುಣಿಸಿದರೆ 8.27. ಮೋಟರ್ 8.27 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಟೈರಿನ ಅಡ್ಡಗಲ 64 ಮಿಮೀ, ಸುತ್ತಳತೆ 20 ಸೆಂಟಿಮೀಟರ್. ಎಲ್ಲ ಗುಣಿಸಿದರೆ ಗಂಟೆಗೆ 21.8 ಕಿಮೀ. ಫೋನ್ ಹೇಳಿದ್ದು 21.2. ಇಷ್ಟು ಹತ್ತಿರ ಬಂದಿದ್ದು ನೋಡಿ ನನಗೇ ಖುಷಿಯಾಯಿತು.

ಅಂದರೆ ವೇಗಕ್ಕೆ ಇರುವುದು ಮೂರೇ ದಾರಿ. ಮೋಟರ್ ಜೋರಾಗಿ ಸುತ್ತಬೇಕು, ಗೇರ್ ಲೆಕ್ಕ ಇಳಿಯಬೇಕು, ಇಲ್ಲವೇ ಟೈರ್ ದೊಡ್ಡದಾಗಬೇಕು. ಟೈರ್ ದೊಡ್ಡದು ಮಾಡಿದರೆ ಬಾಡಿಗೆ ಉಜ್ಜುತ್ತದೆ. ಉಳಿದಿದ್ದು ಎರಡು.

ಇದಕ್ಕೂ ಮುಂಚೆ ಬೇರಿಂಗ್. ಕಿಟ್‌ನಲ್ಲಿ ತಿರುಗುವ ಕಡೆಯೆಲ್ಲ ಪ್ಲಾಸ್ಟಿಕ್ ಬುಷ್ ಬರುತ್ತದೆ. ಅದನ್ನು ತೆಗೆದು 1150 ಅನ್ನುವ ಬಾಲ್ ಬೇರಿಂಗ್ ಹಾಕಿದೆ. 11 ಮಿಮೀ ಹೊರಗೆ, 5 ಮಿಮೀ ಒಳಗೆ, ಹೆಸರಲ್ಲೇ ಅಳತೆ ಇದೆ. ಇಡೀ ಕಾರು ಬಿಚ್ಚಿ ಕೂಡಿಸಲು ಒಂದು ಸಂಜೆ ಹೋಯಿತು. ಫಲಿತಾಂಶ 770 ಫ್ರೇಮ್, 22.4 ಕಿಮೀ. ಬರೀ ಇಷ್ಟೇನಾ ಅನ್ನಿಸಿತು. ಆದರೆ ಕಾರನ್ನು ಕೈಯಿಂದ ತಳ್ಳಿದರೆ ಮುಂಚೆಗಿಂತ ಎರಡರಷ್ಟು ದೂರ ಉರುಳುತ್ತಿತ್ತು. ಮುಂದೆ ಮೋಟರ್ ಬಿಸಿಯ ಕತೆ ಬಂದಾಗ ಈ ಬೇರಿಂಗ್ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದೆ. ಮೊದಲು ಬೇರಿಂಗ್ ಹಾಕಿ, ಆಮೇಲೆ ಮಿಕ್ಕಿದ್ದು.

ಈಗ ಆ ಎರಡು ಸಾವಿರದ ಕತೆ. ಲೆಕ್ಕ ಹಾಕುವ ಮುಂಚೆಯೇ ಆತುರದಲ್ಲಿ 27 ಹಲ್ಲಿನ ಸ್ಟೀಲ್ ಪಿನಿಯನ್, ಜೊತೆಗೆ ಇನ್ನೂ ನಾಲ್ಕು ಸೈಜು, ಒಟ್ಟಿಗೆ ತರಿಸಿದ್ದೆ. ಬಂದವು. ಫಳಫಳ ಹೊಳೆಯುತ್ತಿದ್ದವು. ಕೂಡಿಸಿದರೆ ಹಲ್ಲಿಗೆ ಹಲ್ಲು ಕೂರುವುದೇ ಇಲ್ಲ. ನಾನು ತರಿಸಿದ್ದು 48 ಪಿಚ್, ಈ ಕಾರಿಗೆ ಬೇಕಿದ್ದು 0.6 ಮಾಡ್ಯೂಲ್. ಎರಡೂ ಹಲ್ಲಿನ ಗಾತ್ರ ಹೇಳುವ ಅಳತೆಗಳು. 48 ಪಿಚ್ ಅಂದರೆ ಮಾಡ್ಯೂಲ್ ಲೆಕ್ಕದಲ್ಲಿ 0.53. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಒತ್ತಿ ಕೂರಿಸಿದರೆ ತಿರುಗುತ್ತವೆ ಕೂಡ, ಕಾಫಿ ಪುಡಿ ಮಾಡುವ ಸದ್ದು ಬರುತ್ತದೆ, ಎರಡು ನಿಮಿಷದಲ್ಲಿ ಸ್ಪರ್ ಗೇರಿನ ಹಲ್ಲು ಉದುರುತ್ತದೆ. ನಾನು ಒತ್ತಿ ಕೂರಿಸಿ ನೋಡಿದೆ. ಹೌದು, ಉದುರಿತು. ಆ ಐದು ಪಿನಿಯನ್ ಈಗಲೂ ಡಬ್ಬಿಯಲ್ಲಿವೆ, ಯಾರಿಗಾದರೂ ಬೇಕಾದರೆ ಕೊಡುತ್ತೇನೆ.

ಸರಿಯಾದ 0.6 ಪಿನಿಯನ್‌ಗಳು ಬರುವಷ್ಟರಲ್ಲಿ ಮೋಟರ್ ಕೆಲಸ ಮುಗಿಸಿದೆ. 3650 ಸೈಜಿನ ಬ್ರಷ್‌ಲೆಸ್, 3300 ಕೆವಿ. 36 ಮಿಮೀ ದಪ್ಪ, 50 ಮಿಮೀ ಉದ್ದ, ಹಳೇ 540 ಮೋಟರ್ ಇದ್ದ ಜಾಗದಲ್ಲೇ ಕೂರುತ್ತದೆ. ಕೆವಿ ಅಂದರೆ ಕಿಲೋವೋಲ್ಟ್ ಅಲ್ಲ. ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ. ಜೊತೆಗೆ 60 ಆಂಪಿಯರ್‌ನ ಇಎಸ್‌ಸಿ, ಅಂದರೆ ಮೋಟರಿನ ವೇಗ ನಿಯಂತ್ರಿಸುವ ಪೆಟ್ಟಿಗೆ, ಎರಡು ಸೆಲ್ ಮೂರು ಸೆಲ್ ಎರಡನ್ನೂ ತಾಳುವಂಥದ್ದು. ಬ್ಯಾಟರಿ 2ಎಸ್ ಲಿಪೊ, ಅಂದರೆ ಎರಡು ಸೆಲ್‌ನ ಲಿಥಿಯಂ ಪಾಲಿಮರ್, 7.4 ವೋಲ್ಟ್. ಇಎಸ್‌ಸಿಯಲ್ಲಿ ಕಟ್ ಆಫ್, ಅಂದರೆ ಬ್ಯಾಟರಿ ಇಳಿದಾಗ ಮೋಟರ್ ನಿಲ್ಲಿಸುವ ಮಿತಿಯನ್ನು, ಒಂದು ಸೆಲ್ಲಿಗೆ 3.2 ವೋಲ್ಟ್‌ಗೆ ಇಟ್ಟೆ. ಅದನ್ನು ಮರೆತರೆ ಲಿಪೊ ಒಂದೇ ದಿನಕ್ಕೆ ಸತ್ತುಹೋಗುತ್ತದೆ.

22 ಹಲ್ಲಿನ ಹಳೇ ಪಿನಿಯನ್ ಇಟ್ಟುಕೊಂಡೇ ಓಡಿಸಿದೆ. ಲೆಕ್ಕ ಹೇಳಿದ್ದು 35. ಬಂದಿದ್ದು 530 ಫ್ರೇಮ್, 32.6 ಕಿಮೀ. ಆದರೆ ಓಟ ಮುಗಿಸಿ ಬಂದಾಗ ಏನೋ ಸುಟ್ಟ ವಾಸನೆ. ಮೋಟರ್ ತಣ್ಣಗಿದೆ, ಇಎಸ್‌ಸಿ ತಣ್ಣಗಿದೆ. ಬ್ಯಾಟರಿಯ ಬಿಳಿ ಪ್ಲಾಸ್ಟಿಕ್ ಕನೆಕ್ಟರ್ ಮುಟ್ಟಿದರೆ ಬೆರಳು ಚುರ್ ಅಂದಿತು. ಹಳೇ ಮೋಟರ್ ಎಳೆಯುತ್ತಿದ್ದ ಕರೆಂಟಿಗೆ ಅದು ಸಾಕಿತ್ತು, ಇದಕ್ಕೆ ಸಾಲದು. ಕತ್ತರಿಸಿ ಬಿಸಾಕಿ ಎಕ್ಸ್‌ಟಿ60 ಅನ್ನುವ ಕನೆಕ್ಟರ್ ಬೆಸುಗೆ ಹಾಕಿದೆ. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಒಂದು ಹಿಡಿ ತಂದಿಟ್ಟಿದ್ದೆ. ದಪ್ಪ ತಂತಿಗೆ 25 ವಾಟಿನ ಸೋಲ್ಡರಿಂಗ್ ಐರನ್ ಸಾಲುವುದಿಲ್ಲ, ತವರ ಮೇಲೆ ಮೇಲೆ ಕೂತು ಒಳಗೆ ಇಳಿಯುವುದಿಲ್ಲ. 60 ವಾಟಿನದ್ದು ತೊಗೊಳ್ಳಿ. ಎರಡು ತುದಿಯನ್ನೂ ಒಟ್ಟಿಗೆ ಬಿಚ್ಚಿಟ್ಟು ಬೆಸೆಯಬೇಡಿ. ಬ್ಯಾಟರಿ ಕಡೆಯ ಕೆಂಪು ಕಪ್ಪು ತಂತಿ ಒಂದಕ್ಕೊಂದು ತಾಗಿದರೆ ದೀಪಾವಳಿ.

ಪಿನಿಯನ್ ಬಂತು. ಜೊತೆಗೆ 68 ಹಲ್ಲಿನ ಸ್ಪರ್, ಹಿಂದೆಮುಂದೆ ಸರಿಸಬಹುದಾದ ಅಲ್ಯೂಮಿನಿಯಂ ಮೋಟರ್ ಮೌಂಟ್. 27ಕ್ಕೆ 68, ಲೆಕ್ಕ 8.27ರಿಂದ 6.55ಕ್ಕೆ ಇಳಿಯಿತು. ಹಲ್ಲುಗಳ ನಡುವೆ ಎಷ್ಟು ಜಾಗ ಬಿಡಬೇಕು ಅನ್ನುವುದಕ್ಕೆ ನನ್ನ ಅಳತೆಗೋಲು ಸಿಟಿ ಬಸ್ಸಿನ ಟಿಕೆಟ್. ಟಿಕೆಟ್ ಚೂರನ್ನು ಎರಡು ಗೇರಿನ ನಡುವೆ ಇಟ್ಟು, ಮೋಟರನ್ನು ಒತ್ತಿ ಹಿಡಿದು, ಸ್ಕ್ರೂ ಬಿಗಿ ಮಾಡಿ, ಆಮೇಲೆ ಗೇರ್ ತಿರುಗಿಸಿ ಟಿಕೆಟ್ ಹೊರಗೆ ತೆಗೆಯಬೇಕು. ಟಿಕೆಟ್ ಮೇಲೆ ಹಲ್ಲಿನ ಗುರುತು ಬಿದ್ದಿರಬೇಕು, ಹರಿದಿರಬಾರದು. ಹರಿದರೆ ಬಿಗಿಯಾಯಿತು, ಗುರುತೇ ಇಲ್ಲ ಅಂದರೆ ಸಡಿಲ. ಸ್ಪರ್ ಗೇರನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ, ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲ ಇರುವುದುಂಟು. ಬಿಗಿ ಇರುವ ಕಡೆ ಟಿಕೆಟ್ ಇಡಿ.

432 ಫ್ರೇಮ್. ಸರಿಯಾಗಿ 40 ಕಿಮೀ. ಒಂದು ಚೂರು ಕಬ್ಬಿಣಕ್ಕೆ ಏಳೂವರೆ ಕಿಮೀ! ನಾಯಿಗಳು ಅವತ್ತಿಂದ ಹಿಂದೆ ಬೀಳುವುದು ಬಿಟ್ಟವು.

ಹಾಗಾದರೆ 30 ಹಲ್ಲು ಹಾಕಿದರೆ ಇನ್ನೂ ಜೋರು, 35 ಹಾಕಿದರೆ ಇನ್ನೂ ಜೋರು ಅಲ್ವಾ? ಅಲ್ಲ. ಟಾಪ್ ಗೇರಿನಲ್ಲಿ ಸೈಕಲ್ ಇಟ್ಟುಕೊಂಡು ಚಾಮುಂಡಿ ಬೆಟ್ಟ ಹತ್ತಿದ ಹಾಗೆ. ಮೋಟರ್ ತುಳಿಯುತ್ತದೆ, ಸುತ್ತು ಏರುವುದಿಲ್ಲ, ಕರೆಂಟ್ ಏರುತ್ತದೆ, ಆ ಕರೆಂಟೆಲ್ಲ ಬಿಸಿಯಾಗುತ್ತದೆ. ಮೋಟರ್ 80 ಡಿಗ್ರಿ ದಾಟಬಾರದು ಅಂತ ಒಂದು ರೂಢಿಯ ಲೆಕ್ಕ ಇದೆ. ಅದಕ್ಕಿಂತ ತುಂಬ ಮೇಲೆ ಹೋದರೆ ಒಳಗಿನ ಮ್ಯಾಗ್ನೆಟ್ ಶಕ್ತಿ ಕಳೆದುಕೊಳ್ಳುತ್ತದೆ. ತಣ್ಣಗಾದ ಮೇಲೂ ಅದು ಪೂರ್ತಿ ವಾಪಸ್ ಬರುವುದಿಲ್ಲ.

ಬಿಸಿ ಅಳೆಯಲು ಕೊರೊನಾ ಕಾಲದ ಹಣೆಗೆ ಹಿಡಿಯುವ ಥರ್ಮಾಮೀಟರ್ ಹುಡುಕಿ ತೆಗೆದೆ. ಮೋಟರಿಗೆ ಹಿಡಿದರೆ ಕೆಂಪು ದೀಪ ಹತ್ತಿಸಿ ಕಿರುಚಿಕೊಂಡಿತು, ಪಾಪ, ಜ್ವರ ಬಂದಿದೆ ಅಂದುಕೊಂಡಿತು. ಅದರಲ್ಲಿ ಮೈ ಬಿಸಿ ಬೇರೆ, ವಸ್ತುವಿನ ಬಿಸಿ ಬೇರೆ ಅಂತ ಎರಡು ಮೋಡ್ ಇವೆ ಅನ್ನುವುದು ನಾಲ್ಕು ವರ್ಷ ಮನೆಯಲ್ಲಿ ಇಟ್ಟುಕೊಂಡರೂ ಗೊತ್ತಿರಲಿಲ್ಲ. ವಸ್ತುವಿನ ಮೋಡಿನಲ್ಲಿ 100 ಡಿಗ್ರಿವರೆಗೆ ತೋರಿಸುತ್ತದೆ. ಮೂರು ಓಟದ ಮೇಲೆ 74. ಪರವಾಗಿಲ್ಲ.

2ಎಸ್‌ನಲ್ಲಿ ಇನ್ನು ಹೆಚ್ಚು ಹಿಂಡಲು ಆಗುವುದಿಲ್ಲ ಅಂತ ಗೊತ್ತಾಯಿತು. ಗಾಳಿಯ ಕಾಟ ಬೇರೆ. 40ರಿಂದ 60ಕ್ಕೆ ಹೋಗುವುದು ಅಂದರೆ ಒಂದೂವರೆ ಪಟ್ಟು ವೇಗ. ಆದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಒಂದೂವರೆಯ ಘನ, ಅಂದರೆ ಸುಮಾರು 3.4 ಪಟ್ಟು. ಹಾಗಾಗಿ 3ಎಸ್. 11.1 ವೋಲ್ಟ್, ಪೂರ್ತಿ ತುಂಬಿದಾಗ 12.6. ಚಾರ್ಜ್ ಮಾಡುವುದು ಹೊರಗೆ ಕಲ್ಲು ಚಪ್ಪಡಿ ಮೇಲೆ, ಮಣ್ಣಿನ ಮಡಕೆಯೊಳಗೆ, ಎಲ್ಲ ಸೆಲ್ಲೂ ಸಮವಾಗಿ ತುಂಬುವ ಬ್ಯಾಲೆನ್ಸ್ ಮೋಡಿನಲ್ಲಿ, ಎದುರಿಗೆ ಕೂತುಕೊಂಡು. ಇದರಲ್ಲಿ ರಾಜಿ ಇಲ್ಲ. ಅಮ್ಮ ಮಡಕೆ ನೋಡಿ ಏನೂ ಕೇಳಲಿಲ್ಲ, ಅದು ಇನ್ನೂ ಭಯ.

ವೋಲ್ಟ್ ಏರಿಸಿದಾಗ ಗೇರ್ ಇಳಿಸಬೇಕು. ವಾಪಸ್ 22ಕ್ಕೆ 70 ಹಾಕಿದೆ. 360 ಫ್ರೇಮ್, 48 ಕಿಮೀ, ಮೋಟರ್ 58 ಡಿಗ್ರಿ. ಚೆನ್ನಾಗಿದೆ. 25ಕ್ಕೆ 70 ಹಾಕಿದೆ, 7.28. ಮೊದಲ ಓಟದಲ್ಲಿ ಸದ್ದೇ ಬೇರೆ ಇತ್ತು, ತೆಳುವಾದ ಸಿಳ್ಳೆ ಥರ. ಮೊದಲ ಗೆರೆ ದಾಟಿತು. ಎರಡನೇ ಗೆರೆ ದಾಟುವ ಮುಂಚೆ ಬಾಲ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಅಲ್ಲಾಡಿತು, ನಾನು ಸ್ಟೀರಿಂಗ್ ತಿರುಗಿಸಿದೆ. ಅದೇ ತಪ್ಪು. ಮೂಗು ಎದ್ದಿತು, ಬಾಡಿಯ ಕೆಳಗೆ ಗಾಳಿ ಹೊಕ್ಕಿತು, ಕಾರು ರಸ್ತೆ ಬಿಟ್ಟು ಗಾಳಿಪಟದ ಥರ ಮಗುಚಿಕೊಂಡು ಹೋಗಿ ಸೈಟಿನ ಗಡಿಕಲ್ಲಿಗೆ ಬಡಿಯಿತು. ಒಂದು ಸೆಕೆಂಡ್ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಹುಡುಗ ಕೇಳಿದ: "ಮಾಮ, ಇದನ್ನೂ ಎಣಿಸಬೇಕಾ?"

ಮುಂದಿನ ಬಲಗಡೆ ಕೆಳತೋಳು ಮುರಿದಿತ್ತು, ಬಂಪರ್ ಎರಡು ಹೋಳು, ಬಾಡಿ ಸೀಳಿತ್ತು. ಬಲ ಹಿಂದಿನ ಟೈರು ರಿಮ್ಮಿನಿಂದ ಕಳಚಿ ಪಾರ್ಥೇನಿಯಂ ಗಿಡದಲ್ಲಿ ಸಿಕ್ಕಿತು. ಬ್ಯಾಟರಿ ತಗ್ಗಾಗಿರಲಿಲ್ಲ, ಊದಿರಲಿಲ್ಲ. ಆದರೂ ಎರಡು ಗಂಟೆ ಹೊರಗೇ ಮಡಕೆಯಲ್ಲಿ ಇಟ್ಟು ಕಾದೆ.

ಬಿಡಿಭಾಗ ಬರುವ ತನಕ ವಿಡಿಯೋ ಇಪ್ಪತ್ತು ಸಲ ನೋಡಿದೆ. ಬಾಲ ಮೊದಲು ಅಲ್ಲಾಡಿದ್ದು ಯಾಕೆ? ಟೈರು ಕಳಚಿದ್ದು ಡಿಕ್ಕಿಯಿಂದಲ್ಲ, ಅದಕ್ಕೂ ಮುಂಚೆ. ಫ್ರೇಮ್ ಫ್ರೇಮಾಗಿ ನೋಡಿದರೆ ಬಲ ಹಿಂದಿನ ಟೈರು ಊದಿಕೊಂಡು ಒಂದು ಕಡೆ ರಿಮ್ ಬಿಟ್ಟಿರುವುದು ಕಾಣುತ್ತದೆ. ಅಂಟು ಹಾಕಿದ್ದು ನಾನೇ, ಆತುರದಲ್ಲಿ ನಾಲ್ಕು ಕಡೆ ಹನಿ ಬಿಟ್ಟು ಮುಗಿಸಿದ್ದೆ. 22 ಕಿಮೀಗೆ ಅದು ಸಾಕಿತ್ತು.

ಈಗ ಸರಿಯಾಗಿ ಮಾಡಿದೆ. ರಿಮ್ಮಿನ ಅಂಚನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ಸ್ಪಿರಿಟ್ ಹಾಕಿ ಒರೆಸಿ, ಸುತ್ತಲೂ ಬಿಡದೆ ಫೆವಿಕ್ವಿಕ್. ಒಂದು ಬದಿ ಒಣಗಿದ ಮೇಲೆ ಇನ್ನೊಂದು. ಟೈರಿನ ಒಳಗೆ ಎರಡು ಸುತ್ತು ಫೈಬರ್ ಟೇಪ್ ಸುತ್ತಿದೆ, ಊದಿಕೊಳ್ಳದಿರಲಿ ಅಂತ. ಆಮೇಲೆ ಡಿಫರೆನ್ಷಿಯಲ್. ಒಂದು ಚಕ್ರ ಹಿಡಿತ ಬಿಟ್ಟರೆ ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ, ಕಾರು ಓರೆಯಾಗುತ್ತದೆ. ಟಿಟಿ-02ರ ಡಿಫ್‌ಗೆ ಸೀಲ್ ಇಲ್ಲ, ಎಣ್ಣೆ ಹಾಕಿದರೆ ಸೋರುತ್ತದೆ. ಅದಕ್ಕೆ ಹಿಂದಿನದಕ್ಕೆ ಗಟ್ಟಿ ಗ್ರೀಸ್ ತುಂಬಿ ತುಂಬಿ ಇಟ್ಟೆ, ಮುಂದಿನದಕ್ಕೆ ಸ್ವಲ್ಪ ಮಾತ್ರ.

ಎತ್ತರ ಇಳಿಸಿದೆ, ನೆಲದಿಂದ 5 ಮಿಮೀ. ಕಿಟ್‌ನ ಶಾಕ್‌ಗಳಲ್ಲಿ ಎಣ್ಣೆ ಇಲ್ಲ, ಬರೀ ಉಜ್ಜಾಟದಿಂದ ಕೆಲಸ ಮಾಡುವಂಥವು. ಎಣ್ಣೆ ಶಾಕ್ ಹಾಕಿದೆ. ಮುಂದೆ ಗಟ್ಟಿ ಸ್ಪ್ರಿಂಗ್, ಮೂಗು ಹಿಂಬದಿಗಿಂತ ಒಂದು ಮಿಮೀ ಕೆಳಗೆ. ಬಂಪರಿನ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಚಾಸಿವರೆಗೆ ಮುಚ್ಚಿದೆ, ಗಾಳಿ ಒಳಗೆ ಹೋಗದಿರಲಿ. ಹೋದ ಗಾಳಿ ಹೊರಗೆ ಬರಲಿ ಅಂತ ಬಾಡಿಯ ಹಿಂದಿನ ಬಂಪರಿನಲ್ಲಿ ಎರಡು ಕಿಟಕಿ ಕೊರೆದೆ. ಸ್ಟೀರಿಂಗ್ ಅನ್ನು ರಿಮೋಟಿನಲ್ಲೇ ಅರ್ಧಕ್ಕೆ ಇಳಿಸಿದೆ, ಇಎಸ್‌ಸಿಯ ಪಂಚ್, ಅಂದರೆ ಒತ್ತಿದ ಕೂಡಲೇ ಎಷ್ಟು ಜೋರಾಗಿ ಎಳೆಯಬೇಕು ಅನ್ನುವುದು, ಅದೂ ಕೆಳಗಿನ ಲೆವೆಲ್ಲಿಗೆ. ಪಿನಿಯನ್ನಿನ ಚಿಕ್ಕ ಸ್ಕ್ರೂ ಸಡಿಲವಾಗದಿರಲಿ ಅಂತ ನೀಲಿ ಥ್ರೆಡ್‌ಲಾಕ್ ಅಂಟು. ಬೆಳಗ್ಗೆಯಿಂದ ಸಂಜೆವರೆಗೆ ಕೂತು ಮಾಡಿದ ಈ ಕೆಲಸಗಳಲ್ಲಿ ಒಂದೂ ಕಾರನ್ನು ಕಾಗದದ ಲೆಕ್ಕದಲ್ಲಿ ಜೋರು ಮಾಡುವುದಿಲ್ಲ. ಆದರೆ ಇವು ಇಲ್ಲದೆ ಮೋಟರ್ ಕೊಡುವ ವೇಗವನ್ನು ರಸ್ತೆ ಮೇಲೆ ಇಡಲು ಆಗುವುದೇ ಇಲ್ಲ.

25ಕ್ಕೆ 70, ಮತ್ತೆ. 312 ಫ್ರೇಮ್, 55.4. ಬಾಣದ ಹಾಗೆ ನೇರ ಹೋಯಿತು. ಮೋಟರ್ 71.

ಕೊನೆಗೆ 27ಕ್ಕೆ 68. ಇದರಲ್ಲಿ ಕಾಗದದ ಲೆಕ್ಕ 67. ಭಾನುವಾರ ಬೆಳಗ್ಗೆ ಆರೂವರೆ, ಗಾಳಿ ಇಲ್ಲ. ರಸ್ತೆ ಗುಡಿಸಿದೆವು, ನಿಜವಾಗಲೂ ಪೊರಕೆ ತೊಗೊಂಡು. ಒಂದು ಚಿಕ್ಕ ಕಲ್ಲು ಸಾಕು ಮಗುಚಲು. ರಸ್ತೆಯ ಎರಡೂ ತುದಿಯಲ್ಲಿ ಯಾರೂ ಬರುತ್ತಿಲ್ಲ ಅಂತ ನೋಡಿಕೊಂಡು ಒತ್ತಿದೆ. 284 ಫ್ರೇಮ್. ಭಾಗಿಸಿದರೆ 60.8! ಹುಡುಗ ಕುಣಿದ.

ಆಮೇಲೆ ನನಗೆ ಒಂದು ಅನುಮಾನ. ಕಾರನ್ನು ಟ್ರಿಗರ್ ಮುಟ್ಟದೆ ಗೆರೆ ಮೇಲೆ ಇಟ್ಟರೆ ನಿಧಾನಕ್ಕೆ ಅದೇ ದಿಕ್ಕಿಗೆ ಉರುಳುತ್ತಿತ್ತು. ಇಷ್ಟು ದಿನ ಎಲ್ಲ ಓಟವೂ ಇಳಿಜಾರಿನ ಕಡೆಗೇ ಓಡಿಸಿದ್ದೆವು, ಬಿಸಿಲು ಕ್ಯಾಮೆರಾಗೆ ಹೊಡೆಯುತ್ತದೆ ಅಂತ. ಬ್ಯಾಟರಿ ಮತ್ತೆ ತುಂಬಿಸಿ ಎದುರು ದಿಕ್ಕಿಗೆ ಬಿಟ್ಟೆ. 296 ಫ್ರೇಮ್, 58.4. ಎರಡರ ಸರಾಸರಿ 59.6.

ಥರ್ಮಾಮೀಟರ್ ಹಿಡಿದೆ, 93. ಇನ್ನೊಂದು ಓಟ ಓಡಿಸಿದರೆ ಬಹುಶಃ ಬರುತ್ತಿತ್ತು, ಮೋಟರ್ ಹೋಗುತ್ತಿತ್ತು. ಹುಡುಗ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ 60 ಅಂತ ಬರೆದ. ಅದರ ಕೆಳಗೆ ನಾನು 59.6 ಅಂತ ಬರೆದೆ. ಅವನು ನನ್ನದನ್ನು ಹೊಡೆದುಹಾಕಿದ.

ಸಂಜೆ ಪಿನಿಯನ್ ಬಿಚ್ಚಿ 22 ಹಲ್ಲಿನದನ್ನೇ ವಾಪಸ್ ಹಾಕಿದೆ. 3ಎಸ್ ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟ್‌ಗೆ ಇಳಿಸಿ ಮಡಕೆಯಲ್ಲಿಟ್ಟೆ. ಮುಂದಿನ ವಾರ ರಿಮೋಟ್ ಅವನ ಕೈಗೆ ಕೊಡಬೇಕಂತೆ, ಅದಕ್ಕೆ 2ಎಸ್ ಸಾಕು.